ಪರಿಮಳ ಮತ್ತು ಪಕ್ಕದವರ ಉಸಿರು



ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಭಾನುವಾರಗಳಲ್ಲಿ ನಮ್ಮ ಇಗರ್ಜಿಯ ಗಾಯನ ಮಂಡಳಿಯಲ್ಲಿ ಹಾಡುವವಳು. ಈ ಎರಡು ಕೆಲಸಗಳು ಒಂದಕ್ಕೊಂದು ಅಡ್ಡ ಬರುತ್ತವೆ ಎಂದು ಬಹಳ ವರ್ಷ ನನಗೆ ಅನ್ನಿಸಿರಲಿಲ್ಲ. ಅಡ್ಡ ಬಂದದ್ದು ಒಂದು ಚಿಕ್ಕ ಅತ್ತರಿನ ಸೀಸೆಯಿಂದ. ಇವತ್ತಿನ ಮಾತು ಆ ಸೀಸೆಯ ಸುತ್ತ.

ನಾನು ಬೆಳೆದದ್ದು ಕರಾವಳಿಯಲ್ಲಿ. ಉಡುಪಿಯ ಹತ್ತಿರದ ಶಂಕರಪುರದ ಮಲ್ಲಿಗೆಯ ಹೆಸರು ನೀವು ಕೇಳಿರುತ್ತೀರಿ. ಅಲ್ಲಿ ಎಲ್ಲ ಧರ್ಮದವರ ಮನೆಯಂಗಳದಲ್ಲೂ ಮಲ್ಲಿಗೆಯ ಗಿಡಗಳಿವೆ, ಕ್ರೈಸ್ತರ ಮನೆಗಳಲ್ಲಿ ಕೂಡ. ಮದುವೆಯ ಮುನ್ನಾದಿನ ನಮ್ಮಲ್ಲಿ ಮದುಮಗಳಿಗೆ ತೆಂಗಿನಹಾಲು, ಎಣ್ಣೆ ಹಚ್ಚಿ ಮೀಯಿಸುವ 'ರೋಸ್' ಎಂಬ ಶಾಸ್ತ್ರವಿದೆ. ಆಮೇಲೆ ತಲೆ ತುಂಬ ಮಲ್ಲಿಗೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಮರಿಯಮ್ಮನಿಗೆ ಅರ್ಪಿಸುತ್ತಾರೆ. ದೊಡ್ಡ ಹಬ್ಬಗಳ ಪೂಜೆಯಲ್ಲಿ ಸರಪಳಿ ಕಟ್ಟಿದ ಪಾತ್ರೆಯಿಂದ ಸಾಂಬ್ರಾಣಿಯ ಹೊಗೆ ಏಳುತ್ತದೆ. ಹೀಗಾಗಿ ದೇವರು ಎಂದರೆ ನನಗೆ ಮೊದಲು ನೆನಪಾಗುವುದು ಮಾತಲ್ಲ, ವಾಸನೆ. ಇದರಲ್ಲಿ ವಿಶೇಷವೇನೂ ಇಲ್ಲ. ಮೂಗಿನಿಂದ ಹೊರಡುವ ನರಗಳು ಮಿದುಳಿನಲ್ಲಿ ನೆನಪು ಮತ್ತು ಭಾವನೆಯ ಕೇಂದ್ರಗಳ ತೀರ ಸಮೀಪಕ್ಕೆ ಹೋಗಿ ಸೇರುತ್ತವೆ. ನಮ್ಮ ಮೂಗಿನಲ್ಲಿ ಸುಮಾರು 400 ಬಗೆಯ ಗ್ರಾಹಕಗಳು ಕೆಲಸ ಮಾಡುತ್ತವೆ. ಇವುಗಳ ಮೂಲವಾದ ಜೀನ್‌ಗಳನ್ನು ಪತ್ತೆ ಮಾಡಿದ್ದಕ್ಕಾಗಿ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈಗ ನಡೆದದ್ದನ್ನು ಹೇಳುತ್ತೇನೆ. ನಮ್ಮ ಗಾಯನ ಮಂಡಳಿಗೆ ಪಿ.ಯು.ಸಿ. ಓದುವ ಒಬ್ಬಳು ಹುಡುಗಿ ಸೇರಿದಳು. ಒಳ್ಳೆಯ ಕಂಠ. ಮೂರ್ನಾಲ್ಕು ವಾರ ನನ್ನ ಪಕ್ಕದಲ್ಲೇ ನಿಂತು ಹಾಡಿದಳು. ಆಮೇಲೆ ಹಿಂದಿನ ಸಾಲಿಗೆ ಹೋದಳು, ಆಮೇಲೆ ಬಾಗಿಲಿನ ಹತ್ತಿರ ನಿಂತಳು, ಆಮೇಲೆ ಬರಲೇ ಇಲ್ಲ. ವಿಚಾರಿಸಿದಾಗ ಅವಳ ತಾಯಿ ಸಂಕೋಚದಿಂದ ಹೇಳಿದರು: "ಅವಳಿಗೆ ಅಸ್ತಮಾ ಉಂಟು ಟೀಚರ್. ಸೆಂಟಿನ ವಾಸನೆಗೆ ಎದೆ ಕಟ್ಟುತ್ತದೆ. ಹಬ್ಬದ ದಿನ ಧೂಪ ಹಾಕಿದರಂತೂ ಕೂತುಕೊಳ್ಳಲಿಕ್ಕೇ ಆಗುವುದಿಲ್ಲ."

ಆಗ ನಾನು ಆಡಿದ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ನಗುತ್ತಲೇ ಅಂದೆ: "ಬೇಥಾನ್ಯದ ಮನೆಯಲ್ಲೂ ಒಬ್ಬ ಹೀಗೇ ಗೊಣಗಿದ್ದ ಅಲ್ಲವಾ?"

ಕ್ರೈಸ್ತರಲ್ಲದ ವೀಕ್ಷಕರಿಗಾಗಿ ಆ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯೋಹಾನನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಯೇಸು ತನ್ನ ಮರಣಕ್ಕೆ ಕೆಲವೇ ದಿನ ಮೊದಲು ಬೇಥಾನ್ಯ ಎಂಬ ಊರಿನಲ್ಲಿ ಊಟಕ್ಕೆ ಕುಳಿತಿದ್ದಾನೆ. ಮರಿಯಳು ಎಂಬವಳು ಬಹಳ ಬೆಲೆಯುಳ್ಳ ಜಟಾಮಾಂಸಿಯ ತೈಲವನ್ನು ತಂದು ಅವನ ಪಾದಗಳಿಗೆ ಹಚ್ಚಿ ತನ್ನ ಕೂದಲಿನಿಂದ ಒರೆಸುತ್ತಾಳೆ. ಮನೆಯೆಲ್ಲ ಆ ಪರಿಮಳದಿಂದ ತುಂಬಿತು ಎಂದು ಯೋಹಾನ ಬರೆಯುತ್ತಾನೆ. ಆಗ ಇಸ್ಕರಿಯೋತ ಯೂದ ಆಕ್ಷೇಪಿಸುತ್ತಾನೆ: ಇದನ್ನು ಮಾರಿದ್ದರೆ 300 ದಿನಾರಿ ಬರುತ್ತಿತ್ತು, ಬಡವರಿಗೆ ಕೊಡಬಹುದಿತ್ತು ಎಂದು. ಒಂದು ದಿನಾರಿ ಎಂದರೆ ಆ ಕಾಲದ ಒಬ್ಬ ಕೂಲಿಯ ಒಂದು ದಿನದ ಸಂಬಳ. ವಾರಕ್ಕೆ ಒಂದು ದಿನ ಬಿಡುವು ಕಳೆದರೆ 300 ದಿನಾರಿ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ಅಷ್ಟು ದುಡ್ಡು ಒಂದೇ ಗಳಿಗೆಯಲ್ಲಿ ನೆಲಕ್ಕೆ ಹರಿದಿತ್ತು. ಯೇಸು ಮಾತ್ರ ಅವಳನ್ನು ತಡೆಯಲಿಲ್ಲ, ಅವಳ ಪರ ನಿಂತ.

ಈ ಜಟಾಮಾಂಸಿ ನಮ್ಮ ಹಿಮಾಲಯದ ಗಿಡ. ಅದರ ಬೇರುಕಾಂಡದಿಂದ ತೈಲ ತೆಗೆಯುತ್ತಾರೆ. ರೋಮನ್ನರ ಕಾಲದಲ್ಲಿ ಗಂಗಾ ಬಯಲಿನ ದಾರಿಯಾಗಿ ಬಂದ ಜಟಾಮಾಂಸಿ ಕೇರಳದ ಮುಜಿರಿಸ್ ಬಂದರಿನಿಂದ ಹಡಗೇರುತ್ತಿತ್ತು. ಆ ಬಂದರಿನ ವ್ಯಾಪಾರಕ್ಕೆ ಸಂಬಂಧಿಸಿದ ಎರಡನೆಯ ಶತಮಾನದ ಒಂದು ಪಪೈರಸ್ ಕರಾರುಪತ್ರ ಈಗ ವಿಯೆನ್ನಾದಲ್ಲಿದೆ. ಅದರಲ್ಲಿ 'ಗಂಗೆಯ ನಾರ್ದ್' ಎಂದೇ ಸರಕಿನ ಹೆಸರಿದೆ. ಇವತ್ತು ಆ ಗಿಡ ಅತಿಯಾಗಿ ಕಿತ್ತದ್ದರಿಂದ ಅಳಿವಿನ ಅಂಚಿಗೆ ಬಂದಿದೆ. 1997ರಿಂದ ಅದರ ಅಂತರರಾಷ್ಟ್ರೀಯ ಮಾರಾಟಕ್ಕೆ ನಿಯಂತ್ರಣವಿದೆ.

ಕಥೆಗೆ ಮರಳೋಣ. ಅದನ್ನು ನಾನು ಬಳಸಿದ ರೀತಿ ತಪ್ಪಾಗಿತ್ತು. ಯೂದ ಮಾತಾಡಿದ್ದು ಹಣದ ಬಗ್ಗೆ. ಅವನಿಗೆ ಬಡವರ ಮೇಲೆ ಪ್ರೀತಿ ಇರಲಿಲ್ಲ, ಹಣದ ಚೀಲ ಅವನ ಕೈಯಲ್ಲಿತ್ತು, ಅದರಿಂದ ಕದಿಯುತ್ತಿದ್ದ ಎಂದು ಸುವಾರ್ತೆಯೇ ಹೇಳುತ್ತದೆ. ಅಂದರೆ ಅವನ ಆಕ್ಷೇಪ ಬಾಯಿಮಾತಿನದು. ನಮ್ಮ ಹುಡುಗಿಯದು ಎದೆಯೊಳಗಿನದು. ಆಕ್ಷೇಪಿಸಿದವರೆಲ್ಲ ಯೂದ ಆಗುವುದಿಲ್ಲ. ಅವಳು ಆಕ್ಷೇಪಿಸಿದ್ದೂ ಇಲ್ಲ, ಸುಮ್ಮನೆ ಒಂದೊಂದೇ ಸಾಲು ಹಿಂದೆ ಸರಿದಿದ್ದಳು. ದೇವರ ವಾಕ್ಯವನ್ನು ಕಲ್ಲಿನಂತೆ ಎಸೆಯುವುದು ಎಷ್ಟು ಸುಲಭ ನೋಡಿ!

ಹಾಗಾದರೆ ಪರಿಮಳದ ವಿಷಯದಲ್ಲಿ ಕ್ರೈಸ್ತ ಧರ್ಮಗ್ರಂಥದ ಅಭಿಪ್ರಾಯ ಏನು? ನಿಜ ಹೇಳಬೇಕೆಂದರೆ ಒಂದೇ ಅಭಿಪ್ರಾಯ ಇಲ್ಲ. ತೈಲ, ಸುಗಂಧಗಳಿಂದ ಮನಸ್ಸು ಹಿಗ್ಗುತ್ತದೆ ಎಂದು ಜ್ಞಾನೋಕ್ತಿಗಳ ಗ್ರಂಥ ಮೆಚ್ಚಿಕೊಂಡೇ ಹೇಳುತ್ತದೆ. ಪರಮಗೀತವಂತೂ ಪರಿಮಳದ ತೋಟವೇ: ಕೇಸರಿ, ದಾಲ್ಚಿನ್ನಿ, ರಕ್ತಬೋಳ, ಅಗರು ಎಲ್ಲ ಅಲ್ಲಿವೆ. ವಿಮೋಚನಕಾಂಡದ 30ನೆಯ ಅಧ್ಯಾಯದಲ್ಲಿ ಅಭಿಷೇಕ ತೈಲದ ಪಾಕವಿಧಾನವೇ ಇದೆ: ರಕ್ತಬೋಳ 500 ಶೆಕೆಲ್, ಪರಿಮಳದ ದಾಲ್ಚಿನ್ನಿ 250, ಬಜೆ 250, ಇನ್ನೊಂದು ಜಾತಿಯ ಲವಂಗಚಕ್ಕೆ 500, ಜೊತೆಗೆ ಎಣ್ಣೆಮರದ ಎಣ್ಣೆ. ರಸಾಯನಶಾಸ್ತ್ರದ ಪ್ರಯೋಗ ಪುಸ್ತಕ ಓದಿದ ಹಾಗೆ ಆಗುತ್ತದೆ. ಆದರೆ ಅದೇ ಅಧ್ಯಾಯದಲ್ಲಿ ಒಂದು ಕಟ್ಟುನಿಟ್ಟೂ ಇದೆ. ಈ ತೈಲವನ್ನಾಗಲಿ ಈ ಧೂಪವನ್ನಾಗಲಿ ಸ್ವಂತದ ಸುಖಕ್ಕೆ ಯಾರೂ ತಯಾರಿಸಕೂಡದು. ಬೇರೆ ಪರಿಮಳ ಬೇಡವೆಂದಲ್ಲ, ದೇವರಿಗೆ ಎತ್ತಿಟ್ಟದ್ದು ಬೇರೆ, ನಮ್ಮದು ಬೇರೆ ಎಂದು.

ಪ್ರವಾದಿಗಳು ಬಂದಾಗ ದನಿ ಬದಲಾಗುತ್ತದೆ. ಕೈಗೆ ರಕ್ತ ಅಂಟಿಸಿಕೊಂಡು ಧೂಪ ಹಾಕಿದರೆ ಅದು ತನಗೆ ಅಸಹ್ಯ ಎಂದು ದೇವರು ಹೇಳಿದ್ದಾಗಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯದಲ್ಲಿದೆ. ಆಮೋಸನು ಶ್ರೇಷ್ಠ ತೈಲ ಹಚ್ಚಿಕೊಂಡು ದಂತದ ಮಂಚದ ಮೇಲೆ ಒರಗಿದ ಶ್ರೀಮಂತರನ್ನು ಬಯ್ಯುತ್ತಾನೆ. ಅವನ ಸಿಟ್ಟು ತೈಲದ ಮೇಲಲ್ಲ; ಸುತ್ತಲಿನ ಜನ ಹಾಳಾಗುತ್ತಿದ್ದರೂ ಅವರ ಮನಸ್ಸು ನೋಯಲಿಲ್ಲವಲ್ಲ, ಅದರ ಮೇಲೆ. ಯೇಸು ತಾನೇ ಇನ್ನೊಂದು ಕಡೆ ಉಪವಾಸದ ದಿನವೂ ತಲೆಗೆ ಎಣ್ಣೆ ಹಚ್ಚಿಕೊಳ್ಳಿ, ಮುಖ ತೊಳೆದುಕೊಳ್ಳಿ, ಜೋಲುಮುಖ ಹಾಕಿಕೊಂಡು ಭಕ್ತಿ ಪ್ರದರ್ಶಿಸಬೇಡಿ ಎನ್ನುತ್ತಾನೆ. ಇದು ನನಗೆ ಬಹಳ ಇಷ್ಟವಾದ ಮಾತು. ವಿರಕ್ತಿಯೂ ಕೆಲವೊಮ್ಮೆ ಒಂದು ಬಗೆಯ ಸೆಂಟು. ದೂರದಿಂದಲೇ ಗೊತ್ತಾಗಬೇಕು ಎಂದು ಹಚ್ಚಿಕೊಳ್ಳುವಂಥದ್ದು.

ಮೊದಲ ಮೂರು ಶತಮಾನಗಳ ಕ್ರೈಸ್ತರಿಗೆ ಧೂಪ ಎಂದರೆ ಭಯವಿತ್ತು. ಕಾರಣ ಆರೋಗ್ಯವಲ್ಲ. ಕ್ರಿ.ಶ. 112ರ ಸುಮಾರಿಗೆ ಬಿಥೀನಿಯಾದ ರಾಜ್ಯಪಾಲ ಪ್ಲಿನಿ, ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ ತಾನು ಆರೋಪಿಗಳನ್ನು ಪರೀಕ್ಷಿಸುವ ಕ್ರಮ ತಿಳಿಸಿದ್ದಾನೆ. ಚಕ್ರವರ್ತಿಯ ಪ್ರತಿಮೆಯ ಮುಂದೆ ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನು ನಿಂದಿಸಿದರೆ ಬಿಡುಗಡೆ. 250ರಲ್ಲಿ ಡೇಸಿಯಸ್ ಚಕ್ರವರ್ತಿ ಎಲ್ಲರೂ ಬಲಿ ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ, ಹೆದರಿ ಚಿಟಿಕೆ ಧೂಪ ಹಾಕಿ ಪಾರಾದವರಿಗೆ ಸಭೆಯವರು 'ತುರಿಫಿಕಾತಿ', ಅಂದರೆ ಧೂಪ ಹಾಕಿದವರು, ಎಂದೇ ಹೆಸರಿಟ್ಟರು. ಆ ಹೊಗೆಯಲ್ಲಿ ಅವರಿಗೆ ಕಾಣುತ್ತಿದ್ದುದು ಸತ್ತ ಬಂಧುಗಳ ಮುಖ. ಆ ಕಾಲದಲ್ಲೂ ಕಾರ್ಥೇಜಿನ ತೆರ್ತುಲ್ಲಿಯನ್ ಒಂದು ವಿವೇಕದ ಮಾತು ಬರೆದಿದ್ದಾನೆ: ಎಲ್ಲಾದರೂ ದುರ್ವಾಸನೆ ಬಂದರೆ ನಾನೂ ಅರಬಸ್ತಾನದ ಆ ಪದಾರ್ಥವನ್ನು ಸುಡುತ್ತೇನೆ, ಆದರೆ ವಿಗ್ರಹದ ಮುಂದೆ ಸುಡುವ ವಿಧಿಯಿಂದಲ್ಲ ಎಂಬ ಅರ್ಥದ್ದು. ವಸ್ತು ಕೆಟ್ಟದಲ್ಲ, ಅದರಿಂದ ಏನು ಮಾಡುತ್ತೇವೆ ಎನ್ನುವುದು ಮುಖ್ಯ ಎಂಬುದು ಅವನ ನಿಲುವು. ಅಲೆಕ್ಸಾಂಡ್ರಿಯಾದ ಕ್ಲೆಮೆಂತ್ ಶಿಸ್ತಿನ ಮನುಷ್ಯ, ಸುಗಂಧ ತೈಲಗಳ ಬಗ್ಗೆ ಒಂದು ಇಡೀ ಅಧ್ಯಾಯ ಬರೆದು ಗದರಿಸಿದ. ಆದರೂ ಔಷಧಕ್ಕೆ ಬೇಕಾದ ತೈಲವನ್ನೂ, ಹಿತಮಿತವಾದ ಪರಿಮಳವನ್ನೂ ಅವನು ಪೂರ್ತಿ ನಿಷೇಧಿಸಲಿಲ್ಲ.

ನಾಲ್ಕನೆಯ ಶತಮಾನದಲ್ಲಿ ಹಿಂಸೆ ನಿಂತ ಮೇಲೆ ಧೂಪ ಇಗರ್ಜಿಯೊಳಗೆ ಬಂತು. 380ರ ದಶಕದಲ್ಲಿ ಜೆರೂಸಲೇಮಿಗೆ ಹೋದ ಎಗೇರಿಯಾ ಎಂಬ ಯಾತ್ರಿಕ ಮಹಿಳೆ, ಭಾನುವಾರ ನಸುಕಿನಲ್ಲಿ ಯೇಸುವಿನ ಸಮಾಧಿಯ ಗುಹೆಗೆ ಧೂಪದ ಪಾತ್ರೆಗಳನ್ನು ತರುತ್ತಿದ್ದರು, ಆಲಯವೆಲ್ಲ ಪರಿಮಳಿಸುತ್ತಿತ್ತು ಎಂದು ದಾಖಲಿಸಿದ್ದಾಳೆ. ಪ್ರಾರ್ಥನೆ ಧೂಪದ ಹಾಗೆ ಮೇಲೇರಲಿ ಎಂಬ ಕೀರ್ತನೆಯ ಕಲ್ಪನೆ ಹೀಗೆ ಕಣ್ಣಿಗೆ ಕಾಣುವಂತಾಯಿತು. ಹದಿನಾರನೆಯ ಶತಮಾನದ ಸುಧಾರಣೆಯ ನಂತರ ಪ್ರೊಟೆಸ್ಟೆಂಟರಲ್ಲಿ ಬಹುಮಂದಿ ಅದನ್ನು ಹೊರಗಿಟ್ಟರು. ಆದ್ದರಿಂದಲೇ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಪ್ರಾರ್ಥನಾಲಯಗಳಲ್ಲಿ ಧೂಪ ಇಲ್ಲ, ಅದೇ ಊರಿನ ಕಥೋಲಿಕರ ಇಗರ್ಜಿಗಳಲ್ಲಿ ಉಂಟು. ಇಂಗ್ಲೆಂಡಿನಲ್ಲಿ ಇದು ದೊಡ್ಡ ಜಗಳವೇ ಆಗಿ, 1899ರಲ್ಲಿ ಇಬ್ಬರು ಆರ್ಚ್‌ಬಿಷಪ್ಪರು ಕೂತು ವಿಚಾರಣೆ ನಡೆಸಿದರು. ಆರಾಧನೆಯ ವಿಧಿಯಾಗಿ ಧೂಪ ಸಲ್ಲದು, ಆದರೆ ಒಳಗಿನ ಗಾಳಿಯ ವಾಸನೆ ತೆಗೆಯಲು ಹಾಕಿದರೆ ಅಡ್ಡಿಯಿಲ್ಲ ಎಂದು ಹೇಳಿದರು. ಗಾಳಿ ಶುದ್ಧಿಗೆ ಹೊಗೆ! ಇವತ್ತಿನ ವೈದ್ಯರು ಕೇಳಿದರೆ ನಗುತ್ತಾರೆ.

ಧೂಪವನ್ನು ಬಿಟ್ಟವರು ಪರಿಮಳವನ್ನು ಬಿಟ್ಟರು ಎಂದು ತಿಳಿಯಬೇಡಿ. ಕಠೋರ ಎಂದು ಹೆಸರಾದ ಜಾನ್ ಕಾಲ್ವಿನ್ ತನ್ನ ಮುಖ್ಯ ಗ್ರಂಥದಲ್ಲಿ, ಗಿಡಮರಗಳಿಗೂ ಹಣ್ಣುಗಳಿಗೂ ದೇವರು ಉಪಯೋಗದ ಜೊತೆಗೆ ಅಂದವನ್ನೂ ಸುವಾಸನೆಯನ್ನೂ ಕೊಟ್ಟಿದ್ದಾನೆ, ಹೂವಿನ ಪರಿಮಳ ತಾನಾಗಿ ಮೂಗಿಗೆ ಬರುವಾಗ ಅದರಿಂದ ಸಂತೋಷಪಡುವುದು ಪಾಪ ಹೇಗಾದೀತು ಎಂಬ ವಾದವನ್ನೇ ಮಂಡಿಸಿದ್ದಾನೆ. ಅಗತ್ಯಕ್ಕಿಂತ ಹೆಚ್ಚಿನದೆಲ್ಲ ಪಾಪ ಎನ್ನುವವರಿಗೆ ಅದು ಅವನ ಉತ್ತರ.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ಆ ತಾಯಿಯ ಜೊತೆ ಮಾತಾಡಿ ಮನೆಗೆ ಬಂದ ಮೇಲೆ ಅತ್ತರಿನ ಸೀಸೆಯನ್ನೂ, ಸ್ನಾನದ ಮನೆಯಲ್ಲಿದ್ದ ಪೌಡರು, ಶಾಂಪೂ, ಕೋಣೆಗೆ ಹೊಡೆಯುವ ಸ್ಪ್ರೇ ಎಲ್ಲವನ್ನೂ ಮೇಜಿನ ಮೇಲಿಟ್ಟು ಲೇಬಲ್ ಓದಿದೆ. ಮಕ್ಕಳಿಗೆ ಲೇಬಲ್ ಓದಿ ಎಂದು ತರಗತಿಯಲ್ಲಿ ಹೇಳುವವಳು ನಾನೇ ಓದಿರಲಿಲ್ಲ. ಬಹಳಷ್ಟು ಕಡೆ ಇದ್ದದ್ದು ಒಂದೇ ಶಬ್ದ: 'ಫ್ರೇಗ್ರೆನ್ಸ್' ಅಥವಾ 'ಪರ್‌ಫ್ಯೂಮ್'. ಈ ಒಂದು ಶಬ್ದದ ಹಿಂದೆ ಹತ್ತಾರು, ಕೆಲವು ಸಲ ನೂರಾರು ಸಂಯುಕ್ತಗಳಿರುತ್ತವೆ. ಯಾವುವು ಎನ್ನುವುದು ತಯಾರಕರ ವ್ಯಾಪಾರದ ಗುಟ್ಟು. ಯುರೋಪಿನವರು 2003ರಲ್ಲಿ ಅಲರ್ಜಿ ತರಬಹುದಾದ 26 ಸುಗಂಧ ದ್ರವ್ಯಗಳ ಹೆಸರನ್ನು, ನಿಗದಿತ ಪ್ರಮಾಣ ಮೀರಿದರೆ, ಲೇಬಲಿನಲ್ಲಿ ಬರೆಯಲೇಬೇಕೆಂದು ನಿಯಮ ಮಾಡಿದರು. 2023ರಲ್ಲಿ ಆ ಪಟ್ಟಿಯನ್ನು 80ರ ಆಸುಪಾಸಿಗೆ ಬೆಳೆಸಿದರು. ಲಿಲಿಯಲ್ ಎಂಬ, ಹೂವಿನ ಪರಿಮಳ ಕೊಡುವ ಬಹು ಜನಪ್ರಿಯ ಸಂಯುಕ್ತವನ್ನು 2022ರ ಮಾರ್ಚ್ 1ರಿಂದ ಅಲ್ಲಿನ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದ್ದಾರೆ. ಸಂತಾನಶಕ್ತಿಗೆ ಹಾನಿ ಮಾಡಬಹುದೆಂಬುದು ಕಾರಣ.

ಇಲ್ಲಿ ಒಂದು ಎಚ್ಚರಿಕೆ. 'ಕೆಮಿಕಲ್ ಎಲ್ಲ ಕೆಟ್ಟದ್ದು, ನೈಸರ್ಗಿಕವೆಲ್ಲ ಒಳ್ಳೆಯದು' ಎಂಬ ಮಾತನ್ನು ನೀವು ನಂಬಬೇಡಿ. ಮಲ್ಲಿಗೆಯ ಪರಿಮಳವೂ ರಾಸಾಯನಿಕಗಳೇ. ಕಿತ್ತಳೆ ಸಿಪ್ಪೆಯ ಲಿಮೊನೀನ್, ಲ್ಯಾವೆಂಡರಿನ ಲಿನಲೂಲ್ ಇವೆರಡೂ ಪ್ರಕೃತಿಯ ಕೊಡುಗೆಗಳು. ಗಾಳಿಯ ಆಮ್ಲಜನಕದ ಜೊತೆ ಸೇರಿ ಹಳತಾದಾಗ ಅವು ಚರ್ಮಕ್ಕೆ ಅಲರ್ಜಿ ತರುವ ಪದಾರ್ಥಗಳಾಗಿ ಮಾರ್ಪಡುತ್ತವೆ. ಕೋಣೆಯಲ್ಲಿ ಓಜೋನ್ ಇದ್ದರೆ ಲಿಮೊನೀನ್‌ನಿಂದ ಫಾರ್ಮಾಲ್ಡಿಹೈಡ್ ಕೂಡ ಹುಟ್ಟುತ್ತದೆ. 'ಅನ್‌ಸೆಂಟೆಡ್' ಎಂಬ ಲೇಬಲಿನಿಂದಲೂ ಮೋಸಹೋಗಬಾರದು. ಕೆಲವು ಸಲ ಮೂಲದ ವಾಸನೆಯನ್ನು ಮುಚ್ಚಲು ಅದರಲ್ಲಿ ಬೇರೊಂದು ಪರಿಮಳ ಹಾಕಿರುತ್ತಾರೆ. ಪರಿಮಳವನ್ನು ಬೆರೆಸಿಯೇ ಇಲ್ಲ ಎನ್ನಲು 'ಫ್ರೇಗ್ರೆನ್ಸ್ ಫ್ರೀ' ಎಂದಿರಬೇಕು.

ಅಮೆರಿಕದಲ್ಲಿ ಕೆಲವರು ಬೈಬಲಿನ ತೈಲಗಳು ಎಂದು ಹೆಸರಿಟ್ಟು ಸೀಸೆ ಮಾರುತ್ತಾರೆ. ಎಲ್ಲ ರೋಗಕ್ಕೂ ಅದರಲ್ಲಿ ಮದ್ದು ಇದೆ ಎಂಬ ಧ್ವನಿ. 2014ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ ಕೆಲವು ತೈಲ ಕಂಪನಿಗಳಿಗೆ, ಎಬೋಲಾ ಕೂಡ ವಾಸಿಯಾಗುತ್ತದೆ ಎಂಬಂಥ ಪ್ರಚಾರಕ್ಕಾಗಿ ಎಚ್ಚರಿಕೆಯ ಪತ್ರ ಕೊಟ್ಟಿತು. ವೇದವಾಕ್ಯವನ್ನು ಜಾಹೀರಾತಿಗೆ ಅಂಟಿಸುವವರ ಬಗ್ಗೆ ನನಗೆ ಗೌರವವಿಲ್ಲ. ಮರಿಯಳು ತೈಲವನ್ನು ಸುರಿದದ್ದು ಯಾವ ಗುಣಕ್ಕೂ ಅಲ್ಲ, ಪ್ರೀತಿಗೆ.

ಇನ್ನು ಹೊಗೆ. ಅಗರಬತ್ತಿಯಿರಲಿ, ಸಾಂಬ್ರಾಣಿಯಿರಲಿ, ಉರಿಯದೆ ಕನಲುವ ಯಾವ ವಸ್ತುವೂ ಸೂಕ್ಷ್ಮ ಕಣಗಳನ್ನು ಬಿಡುತ್ತದೆ. ಜೊತೆಗೆ ಕಾರ್ಬನ್ ಮಾನಾಕ್ಸೈಡು, ಬೆಂಜೀನು. 2.5 ಮೈಕ್ರಾನಿಗಿಂತ ಚಿಕ್ಕ ಕಣಗಳು ಶ್ವಾಸಕೋಶದ ತಳದವರೆಗೂ ಇಳಿಯುತ್ತವೆ. ನೆದರ್ಲೆಂಡಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾನಿಲಯದವರು ಒಂದು ಇಗರ್ಜಿಯೊಳಗೆ ದಿನವಿಡೀ ಮೇಣದ ಬತ್ತಿ ಉರಿಸಿ, ಧೂಪ ಹಾಕಿ ಅಳೆದು 2004ರಲ್ಲಿ ಪ್ರಕಟಿಸಿದರು. ಗಾಳಿಯಲ್ಲಿನ ಕಣಗಳು ಯುರೋಪು ದಿನವೊಂದಕ್ಕೆ ಒಪ್ಪಿದ ಮಟ್ಟಕ್ಕಿಂತ 12ರಿಂದ 20 ಪಟ್ಟು ಹೆಚ್ಚಿದ್ದವು. ವಾರಕ್ಕೆ ಒಂದು ಗಂಟೆ ಬಂದು ಹೋಗುವವರಿಗಿಂತ ಅಲ್ಲೇ ಕೆಲಸ ಮಾಡುವ ಗುರುಗಳು, ಸೇವಕರ ಬಗ್ಗೆ ಅವರಿಗೆ ಹೆಚ್ಚು ಕಾಳಜಿಯಿತ್ತು. ಸಿಂಗಪುರದಲ್ಲಿ 61,000ಕ್ಕೂ ಹೆಚ್ಚು ಚೀನೀಯರನ್ನು ವರ್ಷಗಟ್ಟಲೆ ಗಮನಿಸಿದ, 2008ರಲ್ಲಿ ಹೊರಬಂದ ಅಧ್ಯಯನವೊಂದು, ಮನೆಯಲ್ಲಿ ದೀರ್ಘಕಾಲ ಧೂಪದ ಕಡ್ಡಿ ಉರಿಸುವುದಕ್ಕೂ ಉಸಿರುಮಾರ್ಗದ ಕೆಲವು ಕ್ಯಾನ್ಸರ್‌ಗಳಿಗೂ ನಂಟು ಕಂಡಿತು. ನಂಟು ಎಂದೆ, ಕಾರಣ ಎನ್ನಲಿಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಮರೆಯಬಾರದು. ಹಬ್ಬಕ್ಕೊಮ್ಮೆ ಧೂಪದ ವಾಸನೆ ಕುಡಿದ ಆರೋಗ್ಯವಂತರು ಹೆದರಿ ಸಾಯಬೇಕಾಗಿಲ್ಲ. ಅಸ್ತಮಾ ಇರುವವರ ಲೆಕ್ಕ ಬೇರೆ. ಅವರ ಶ್ವಾಸನಾಳದ ಒಳಪದರ ಮೊದಲೇ ಊದಿಕೊಂಡಿರುತ್ತದೆ, ಸಣ್ಣ ಕೆರಳಿಕೆಗೂ ನಾಳದ ಸ್ನಾಯು ಬಿಗಿದುಕೊಳ್ಳುತ್ತದೆ. ಅರೆತಲೆನೋವಿನವರಿಗೂ ಎಷ್ಟೋ ಸಲ ಗಾಢ ವಾಸನೆಯೇ ಕಿಡಿ.

ಹಾಗಿದ್ದರೆ ಕ್ರೈಸ್ತಳಾದ ನಾನು ಅತ್ತರು ಹಚ್ಚಬಹುದೇ? ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಮಾಡಬೇಕು. ಅಪಾಯ ನನಗೇ ಆದರೆ? ದೇಹವು ಪವಿತ್ರಾತ್ಮನ ಆಲಯ ಎಂದು ಸಂತ ಪೌಲ ಕೊರಿಂಥದವರಿಗೆ ಬರೆದದ್ದನ್ನು ಕೆಲವರು ಎತ್ತಿ ಆಡುತ್ತಾರೆ. ಅದು ಸರಿಯೇ. ಆದರೆ ಆಲಯ ಎಂದ ಮೇಲೆ ಅದರಲ್ಲಿ ಪರಿಮಳವೂ ಇತ್ತಲ್ಲ! ಪ್ರತಿ ಸಣ್ಣ ಅಪಾಯಕ್ಕೂ ಹೆದರಿ ಬಾಗಿಲು ಹಾಕಿಕೊಳ್ಳುವುದು ಕೂಡ ಸೃಷ್ಟಿಯನ್ನು ಅಗೌರವಿಸಿದಂತೆ. ದೇವರು ಮಾಡಿದ್ದೆಲ್ಲ ಒಳ್ಳೆಯದು, ಕೃತಜ್ಞತೆಯಿಂದ ತೆಗೆದುಕೊಂಡರೆ ಬಿಸಾಡಬೇಕಾದದ್ದು ಯಾವುದೂ ಇಲ್ಲ ಎಂಬ ಅರ್ಥದ ಮಾತು ತಿಮೊಥೆಯನಿಗೆ ಬರೆದ ಪತ್ರದಲ್ಲಿದೆ. ನನ್ನ ಚರ್ಮಕ್ಕೆ ಒಗ್ಗಿದ್ದನ್ನು, ಗೊತ್ತಿದ್ದೂ ಮಿತವಾಗಿ ಬಳಸಿದರೆ ನನ್ನ ಮನಸ್ಸಾಕ್ಷಿ ನನ್ನನ್ನು ದೂಷಿಸುವುದಿಲ್ಲ.

ಅಪಾಯ ಪಕ್ಕದವರಿಗೆ ಆದರೆ? ಪರಿಮಳದ ಗುಣವೇ ಅದು, ಹಚ್ಚಿಕೊಂಡವರ ಹತ್ತಿರ ನಿಲ್ಲುವುದಿಲ್ಲ. ಒಡವೆ ನಾನು ಹಾಕಿಕೊಂಡರೆ ನನ್ನ ಕೊರಳಲ್ಲೇ ಇರುತ್ತದೆ, ಅತ್ತರು ಪಕ್ಕದವರ ಎದೆಯೊಳಗೆ ಹೋಗುತ್ತದೆ, ಅವರನ್ನು ಕೇಳದೆ. ಪೌಲನ ಕಾಲದಲ್ಲಿ ವಿಗ್ರಹಕ್ಕೆ ಅರ್ಪಿಸಿದ ಮಾಂಸ ತಿನ್ನಬಹುದೇ ಎಂಬ ಜಗಳವಿತ್ತು. ತಿನ್ನುವುದರಲ್ಲಿ ತಪ್ಪಿಲ್ಲ, ಆದರೆ ಅದರಿಂದ ನನ್ನ ತಮ್ಮನಿಗೆ ಎಡವಟ್ಟಾಗುವುದಾದರೆ ನಾನು ಎಂದೆಂದಿಗೂ ಮಾಂಸ ಮುಟ್ಟುವುದಿಲ್ಲ ಎಂದ ಅವನು. ನಮ್ಮ ಬೋಧಕರೊಬ್ಬರು ಇದನ್ನೇ ಆ ಹುಡುಗಿಗೆ ಅನ್ವಯಿಸಿದರು. ಅವರ ಉದ್ದೇಶ ಒಳ್ಳೆಯದು. ಆದರೆ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಪೌಲ ಹೇಳಿದ್ದು ದುರ್ಬಲ ಮನಸ್ಸಾಕ್ಷಿಯವರ ಬಗ್ಗೆ. ಇವಳ ವಿಶ್ವಾಸದಲ್ಲಿ ಯಾವ ದುರ್ಬಲತೆಯೂ ಇಲ್ಲ, ತೊಂದರೆ ಇರುವುದು ಶ್ವಾಸನಾಳದಲ್ಲಿ. ಅವಳನ್ನು ಬಲಹೀನ ಸಹೋದರಿ ಎಂದು ಕರೆದು ನಾವು ಉದಾರಿಗಳಾಗಿ ತ್ಯಾಗ ಮಾಡಿದೆವು ಎಂದುಕೊಳ್ಳುವುದು ಬೇಡ. ಅವಳಿಗೂ ಆ ಇಗರ್ಜಿಯಲ್ಲಿ ನನ್ನಷ್ಟೇ ಜಾಗ ಉಂಟು, ಅಷ್ಟೇ. ಜಾಗ ಎಂದರೆ ಬೆಂಚು ಮಾತ್ರವಲ್ಲ, ಗಾಳಿಯೂ ಸೇರಿತು.

ಮರುವಾರ ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳು ನನ್ನ ಮಾತನ್ನು ಕೇಳಿಸಿಕೊಂಡಿದ್ದಳು. ತಾಯಿ ಹೇಳಿರಲಿಲ್ಲ, ಒಳಗಿನ ಕೋಣೆಯಲ್ಲೇ ಇದ್ದಳಂತೆ. ಇಗರ್ಜಿಯ ಸಭೆಯಲ್ಲಿ ವಿಷಯ ಎತ್ತಿದಾಗ ಎಲ್ಲರೂ ಒಪ್ಪಲಿಲ್ಲ. "ಧೂಪವಿಲ್ಲದೆ ಹಬ್ಬವಾ? ನಮ್ಮ ಅಜ್ಜನ ಕಾಲದಿಂದ ಉಂಟು" ಎಂದು ಹಿರಿಯರೊಬ್ಬರು ಎದ್ದು ನಿಂತರು. ಅವರ ದುಃಖ ನನಗೆ ಅರ್ಥವಾಗುತ್ತದೆ, ಏಕೆಂದರೆ ಅದು ನನ್ನದೂ ಹೌದು. ಫಾದರ್ ನಿಯಮದ ಪುಸ್ತಕ ತೆರೆದು ತೋರಿಸಿದರು: ರೋಮನ್ ವಿಧಿಯ ಪೂಜೆಯಲ್ಲಿ ಧೂಪವನ್ನು ಬಳಸಬಹುದು ಎಂದಿದೆ, ಬಳಸಲೇಬೇಕು ಎಂದಿಲ್ಲ. ಕೊನೆಗೆ ಆದದ್ದು ಅರೆಬರೆ ಒಪ್ಪಂದ. ನಾಲ್ಕು ದೊಡ್ಡ ಹಬ್ಬಗಳಿಗೆ ಮಾತ್ರ ಧೂಪ, ಅದೂ ಮುಂಚಿತವಾಗಿ ತಿಳಿಸಿ, ಎರಡೂ ಪಕ್ಕದ ಬಾಗಿಲು ತೆರೆದಿಟ್ಟು, ಕಡಿಮೆ ಕೆಂಡದಲ್ಲಿ. ಆ ದಿನ ಬೆಳಗ್ಗಿನ ಮೊದಲ ಪೂಜೆಯಲ್ಲಿ ಧೂಪ ಇರುವುದಿಲ್ಲ. ಗಾಯನ ಮಂಡಳಿಯವರು ಸೆಂಟು ಹಚ್ಚುವುದಿಲ್ಲ. ಆ ಹಿರಿಯರು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಇಬ್ಬರು ಹಾಡುಗಾರರು ಈ ನಿಯಮ ಹೆಚ್ಚಾಯಿತು ಎಂದು ಬಿಟ್ಟುಹೋದರು. ಆಮೇಲೆ ಗೊತ್ತಾದದ್ದು: ಉಸಿರಿನ ತೊಂದರೆಯಿದ್ದ ಇನ್ನೂ ಮೂವರು ವೃದ್ಧರು ಹಬ್ಬದ ದಿನ ಹಿಂದಿನ ಜಗಲಿಯಲ್ಲೇ ಕೂತು ಹೋಗುತ್ತಿದ್ದರು, ವರ್ಷಗಳಿಂದ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಅತ್ತರಿನ ಸೀಸೆ ಇನ್ನೂ ನನ್ನ ಕಪಾಟಿನಲ್ಲಿದೆ. ಮನೆಯಲ್ಲಿ ಒಬ್ಬಳೇ ಇರುವಾಗ, ಮಳೆಗಾಲದ ಸಂಜೆ, ಮುಚ್ಚಳ ತೆಗೆದು ಮೂಸುತ್ತೇನೆ. ಮೈಸೂರಿನ ಗಂಧದೆಣ್ಣೆಯದು. 1916ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆಯ ಎಣ್ಣೆಯನ್ನು ನನ್ನ ಅಜ್ಜಿ ಒಂದು ಹನಿ ಹತ್ತಿಗೆ ಹಾಕಿ ಪ್ರಾರ್ಥನಾ ಪುಸ್ತಕದ ಹಾಳೆಗಳ ನಡುವೆ ಇಡುತ್ತಿದ್ದರು. ಅದನ್ನು ಬಿಟ್ಟುಬಿಡಬೇಕೆಂದು ನನಗೆ ಅನ್ನಿಸುವುದಿಲ್ಲ.

ಹುಡುಗಿ ಕ್ರಿಸ್‌ಮಸ್ಸಿಗೆ ಮೊದಲು ಮಂಡಳಿಗೆ ಮರಳಿ ಬಂದಳು. ಇನ್‌ಹೇಲರ್ ಚೀಲದಲ್ಲೇ ಇರುತ್ತದೆ. ಮೊನ್ನೆ ಅಭ್ಯಾಸ ಮುಗಿದ ಮೇಲೆ ಮೆಟ್ಟಿಲು ಇಳಿಯುತ್ತಾ ನನ್ನ ಹತ್ತಿರ ಬಂದು, "ಟೀಚರ್, ನಾಡಿದ್ದು ನೀವು ಮಲ್ಲಿಗೆ ಮುಡಿದುಕೊಂಡು ಬನ್ನಿ. ಅದರಿಂದ ನನಗೆ ಏನೂ ಆಗುವುದಿಲ್ಲ, ನೋಡಿದ್ದೇನೆ" ಎಂದಳು.